ನಗರಾಡಳಿತದಲ್ಲಿ ಹಣದ ಮೋಸ ತಡೆಯುವುದು ಹೇಗೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ನಗರಸಭೆಯಲ್ಲಿ ಮೋಸ ತಡೆಯಬೇಕು ಅಂತ ಹೊರಟವರು ಹೆಚ್ಚಾಗಿ ಒಂದೇ ದಾರಿ ಹಿಡಿಯುತ್ತಾರೆ. ಮೊದಲು ನೀತಿ ಸಂಹಿತೆ ಬರೆಯುತ್ತಾರೆ, ಎಲ್ಲರ ಹತ್ತಿರ ಸಹಿ ಹಾಕಿಸುತ್ತಾರೆ, ಒಂದು ದಿನದ ತರಬೇತಿ ಮಾಡುತ್ತಾರೆ, ದೂರು ಕೊಡಲು ಒಂದು ಫೋನ್ ನಂಬರ್ ಇಡುತ್ತಾರೆ. ಇಷ್ಟಾದ ಮೇಲೂ ಎರಡು ಮೂರು ವರ್ಷದಲ್ಲಿ ಅದೇ ಕಚೇರಿಯಲ್ಲಿ ಸುಳ್ಳು ಬಿಲ್ ಪಾಸಾಗಿರುತ್ತದೆ, ಇಲ್ಲದ ನೌಕರನಿಗೆ ಸಂಬಳ ಹೋಗಿರುತ್ತದೆ. ಆಗ ಎಲ್ಲರೂ ‘ಜನರೇ ಸರಿ ಇಲ್ಲ’ ಅಂತ ಕೈ ಚೆಲ್ಲುತ್ತಾರೆ.

ಇಲ್ಲಿ ಎಡವಟ್ಟಾಗುವುದು ಕೆಲಸದ ಕ್ರಮದಲ್ಲಿ. ಹಣ ಹೊರಗೆ ಹೋಗುವ ದಾರಿಯ ಉದ್ದಕ್ಕೂ ಒಬ್ಬರೇ ಕೂತಿದ್ದರೆ ಸಂಹಿತೆ ಎಷ್ಟು ಚೆನ್ನಾಗಿದ್ದರೂ ಕೆಲಸಕ್ಕೆ ಬರುವುದಿಲ್ಲ. ಮೊದಲು ಖಾತೆಗಳು, ಆಮೇಲೆ ಯಾರ ಕೈಲಿ ಏನಿದೆ ಅನ್ನುವುದು, ಆಮೇಲೆ ಪಟ್ಟಿಗಳು, ಖರೀದಿ. ಸಂಹಿತೆ, ದೂರಿನ ದಾರಿ ಎಲ್ಲ ಇದರ ಮೇಲೆ ಕೂರಬೇಕು. ಹೊಸದಾಗಿ ಆಯ್ಕೆಯಾದ ಸದಸ್ಯರು, ಹಣಕಾಸು ಸಮಿತಿಯವರು, ಲೆಕ್ಕ ವಿಭಾಗದ ಮುಖ್ಯಸ್ಥರು, ಒಳ ಆಡಿಟ್ ನೋಡುವವರು – ನಿಮ್ಮನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕಾನೂನು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಆದರೆ ಹಣ ಕದಿಯುವ ವಿಧಾನಗಳು ಎಲ್ಲ ಕಡೆ ಹತ್ತಿರ ಹತ್ತಿರ ಒಂದೇ.

## ಶುರು ಮಾಡುವ ಮುಂಚೆ ಕೈಲಿ ಏನಿರಬೇಕು

ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಒಂದು ಸ್ಪ್ರೆಡ್‌ಶೀಟ್ ಸಾಕು. ಆದರೆ ಮಾಹಿತಿ ಪೂರ್ತಿ ಇರಬೇಕು: ಕಳೆದ ಮೂರು ವರ್ಷದ ಪ್ರತಿಯೊಂದು ಪಾವತಿ (ದಿನಾಂಕ, ಮೊತ್ತ, ಯಾರಿಗೆ, ಯಾವ ಖಾತೆಗೆ, ಯಾರು ಮಂಜೂರು ಮಾಡಿದರು), ಪೂರೈಕೆದಾರರ ಪಟ್ಟಿ, ಸಂಬಳದ ಪಟ್ಟಿ, ಯಾರಿಗೆ ಎಷ್ಟು ಮೊತ್ತದವರೆಗೆ ಸಹಿ ಹಾಕುವ ಅಧಿಕಾರ ಇದೆ ಅನ್ನುವ ಆದೇಶ, ಮತ್ತೆ ಸಭೆಯ ನಡಾವಳಿ ಪುಸ್ತಕ.

ಇದಕ್ಕಿಂತ ಮುಖ್ಯ ಬೇಕಾಗಿರುವುದು ಒಂದು ಲಿಖಿತ ನಿರ್ಣಯ. ಈ ಕೆಲಸ ಮಾಡುವವರು ವರದಿಯನ್ನು ನೇರವಾಗಿ ಚುನಾಯಿತ ಸಭೆಗೆ ಅಥವಾ ಅದರ ಆಡಿಟ್ ಸಮಿತಿಗೆ ಕೊಡುತ್ತಾರೆ, ಲೆಕ್ಕ ವಿಭಾಗದ ಮುಖ್ಯಸ್ಥರ ಮೂಲಕ ಅಲ್ಲ – ಇಷ್ಟನ್ನು ಮೊದಲೇ ಪಾಸ್ ಮಾಡಿಸಿಕೊಳ್ಳಿ. ಇದಿಲ್ಲದೆ ಶುರು ಮಾಡಿದರೆ ಮೊದಲ ಅಹಿತಕರ ಪ್ರಶ್ನೆ ಎದ್ದ ದಿನವೇ ಕಡತ ಸಿಗುವುದು ನಿಂತುಹೋಗುತ್ತದೆ.

## ಹಂತ 1: ಎಲ್ಲ ಬ್ಯಾಂಕ್ ಖಾತೆಗಳ ಪಟ್ಟಿ, ಬ್ಯಾಂಕಿನಿಂದಲೇ

‘ನಮ್ಮ ಹೆಸರಲ್ಲಿ ಎಷ್ಟು ಖಾತೆ ಇದೆ?’ ಅಂತ ಲೆಕ್ಕ ವಿಭಾಗವನ್ನು ಕೇಳಬೇಡಿ. ಬ್ಯಾಂಕಿಗೆ ಪತ್ರ ಬರೆಯಿರಿ. ನಗರಾಡಳಿತದ ಹೆಸರು, ತೆರಿಗೆ ಗುರುತಿನ ಸಂಖ್ಯೆ, ವಿಳಾಸ – ಈ ಮೂರರಲ್ಲಿ ಯಾವುದಕ್ಕೆ ಹೊಂದುವ ಖಾತೆ ಇದ್ದರೂ ಪಟ್ಟಿ ಕೊಡಿ, ಪ್ರತಿಯೊಂದಕ್ಕೂ ಸಹಿ ಅಧಿಕಾರ ಯಾರದ್ದು ತಿಳಿಸಿ ಅಂತ ಕೇಳಿ. ಉತ್ತರ ಸಭೆಯ ಅಧ್ಯಕ್ಷರ ವಿಳಾಸಕ್ಕೆ ಬರಲಿ, ಲೆಕ್ಕ ವಿಭಾಗಕ್ಕೆ ಬೇಡ.

ಇದು ಯಾಕೆ ಮೊದಲ ಹೆಜ್ಜೆ ಅನ್ನುವುದಕ್ಕೆ ಅಮೆರಿಕದ ಇಲಿನಾಯ್ ರಾಜ್ಯದ ಡಿಕ್ಸನ್ ಪಟ್ಟಣದ ಪ್ರಕರಣವನ್ನೇ ನೋಡಿ. ಸುಮಾರು 16,000 ಜನರ ಊರು. ಅಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ರೀಟಾ ಕ್ರಂಡ್‌ವೆಲ್ 1990ರಲ್ಲಿ ನಗರದ ಹೆಸರಲ್ಲೇ ಒಂದು ರಹಸ್ಯ ಖಾತೆ ತೆರೆದರು. ಒಳಚರಂಡಿ ಮೀಸಲು ನಿಧಿ ಅನ್ನುವಂಥ ಹೆಸರು. ರಾಜ್ಯ ಸರ್ಕಾರದ್ದು ಅಂತ ತೋರುವ ಸುಳ್ಳು ಇನ್‌ವಾಯ್ಸ್ ತಯಾರಿಸಿ, ನಗರದ ಅಸಲಿ ನಿಧಿಗಳಿಂದ ಆ ಖಾತೆಗೆ ಹಣ ಸಾಗಿಸಿದರು. 2012ರಲ್ಲಿ ಬಂಧನವಾಗುವ ಹೊತ್ತಿಗೆ ಹೋಗಿದ್ದ ಮೊತ್ತ 5 ಕೋಟಿ 30 ಲಕ್ಷ ಡಾಲರಿಗೂ ಜಾಸ್ತಿ. ಇಪ್ಪತ್ತು ವರ್ಷವೂ ಹೊರಗಿನ ಆಡಿಟ್ ನಡೆದೇ ಇತ್ತು! ಕೊನೆಗೆ ಸಿಕ್ಕಿದ್ದು ಹೇಗೆ ಗೊತ್ತಾ? ಅವರು ಉದ್ದದ ರಜೆಯಲ್ಲಿದ್ದಾಗ ಅವರ ಕೆಲಸ ನೋಡಿಕೊಳ್ಳುತ್ತಿದ್ದ ಗುಮಾಸ್ತೆ ಬ್ಯಾಂಕಿನಿಂದ ಎಲ್ಲ ಸ್ಟೇಟ್‌ಮೆಂಟ್ ತರಿಸಿದರು. ಅದರಲ್ಲಿ ಯಾವತ್ತೂ ಕಂಡಿರದ ಒಂದು ಖಾತೆ ಇತ್ತು.

ಅಂದರೆ ಒಂದು ಪತ್ರ, ಒಂದು ಉತ್ತರ. ಅಷ್ಟರಲ್ಲಿ ಎರಡು ದಶಕದ ಮೋಸ ಬಯಲಾಯಿತು.

ಎಚ್ಚರಿಕೆಯ ಗುರುತು: ಪುಸ್ತಕದಲ್ಲಿ ಇಲ್ಲದೆ ಬ್ಯಾಂಕಿನಲ್ಲಿ ಇರುವ ಖಾತೆ, ಬಳಕೆಯಲ್ಲಿಲ್ಲ ಅಂತ ಹೇಳಿದ್ದರೂ ಓಡಾಟ ಇರುವ ಖಾತೆ, ಸ್ಟೇಟ್‌ಮೆಂಟ್ ಒಬ್ಬ ನೌಕರರ ಕೈಗೇ ಹೋಗುವ ಖಾತೆ. ಡಿಕ್ಸನ್‌ನಲ್ಲಿ ನಗರದ ಅಂಚೆಯನ್ನು ಕ್ರಂಡ್‌ವೆಲ್ ಅವರೇ ತೆಗೆದುಕೊಂಡು ಬರುತ್ತಿದ್ದರು. ಹಿರಿಯ ಅಧಿಕಾರಿಯೊಬ್ಬರು ಟಪಾಲು ತರುವ ಸಣ್ಣ ಕೆಲಸವನ್ನು ಯಾರಿಗೂ ಬಿಟ್ಟುಕೊಡುತ್ತಿಲ್ಲ ಅಂದರೆ ಯಾಕೆ ಅಂತ ಕೇಳಲೇಬೇಕು.

## ಹಂತ 2: ಒಂದೇ ಕೈ ಎಲ್ಲಿದೆ ಹುಡುಕಿ

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಗಡೆ ಈ ಕೆಲಸಗಳನ್ನು ಬರೆಯಿರಿ: ಬೇಡಿಕೆ ಇಡುವುದು, ಪೂರೈಕೆದಾರರನ್ನು ಆರಿಸುವುದು, ಸಾಮಾನು ಅಥವಾ ಕೆಲಸ ಬಂದಿದೆ ಅಂತ ದೃಢಪಡಿಸುವುದು, ಬಿಲ್ ಪಾಸ್ ಮಾಡುವುದು, ಹಣ ಬಿಡುಗಡೆ ಮಾಡುವುದು, ಲೆಕ್ಕ ಪುಸ್ತಕದಲ್ಲಿ ಬರೆಯುವುದು, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವುದು. ಪ್ರತಿಯೊಂದರ ಎದುರಿಗೆ ನಿಜವಾಗಿ ಆ ಕೆಲಸ ಮಾಡುವವರ ಹೆಸರು ಬರೆಯಿರಿ. ಆದೇಶದಲ್ಲಿ ಇರುವ ಹೆಸರು ಬೇಡ. ಸಾಹೇಬರ ಪಾಸ್‌ವರ್ಡ್ ಆಪರೇಟರ್ ಹತ್ತಿರ ಇದ್ದರೆ ಅಲ್ಲಿ ಆಪರೇಟರ್ ಹೆಸರೇ ಬರಬೇಕು.

ಒಂದೇ ಹೆಸರು ಎರಡು ಕಡೆ ಬಂದರೆ ಗುರುತು ಹಾಕಿ. ಹಣ ಬಿಡುವವರೇ ತಾಳೆಯನ್ನೂ ನೋಡುತ್ತಿದ್ದರೆ ಕೆಂಪು ಗುರುತು. ಪೂರೈಕೆದಾರರ ಹೆಸರು ಸೇರಿಸುವವರೇ ಬಿಲ್ ಪಾಸ್ ಮಾಡುತ್ತಿದ್ದರೆ ಅದೂ ಕೆಂಪೇ. ಈ ಎರಡನ್ನು ಇವತ್ತೇ ಬೇರೆ ಮಾಡಿ, ಮಿಕ್ಕಿದ್ದಕ್ಕೆ ಸಮಯ ತೆಗೆದುಕೊಳ್ಳಬಹುದು.

‘ನಮ್ಮಲ್ಲಿ ಇರುವುದೇ ಮೂರು ಜನ, ಹೇಗೆ ಬೇರೆ ಮಾಡುವುದು?’ ಅನ್ನುವ ಪ್ರಶ್ನೆ ಸಣ್ಣ ಪಟ್ಟಣಗಳಿಂದ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆ. ಜನ ಕಡಿಮೆ ಇದ್ದಾಗ ಹೊರಗಿನ ಒಂದು ಜೊತೆ ಕಣ್ಣು ಸೇರಿಸಿ. ಪ್ರತಿ ತಿಂಗಳು ಬ್ಯಾಂಕಿನ ಸ್ಟೇಟ್‌ಮೆಂಟ್ ಒಬ್ಬ ಚುನಾಯಿತ ಸದಸ್ಯರ ಮನೆಗೋ ಇಮೇಲ್‌ಗೋ ನೇರವಾಗಿ ಬರಲಿ. ಅವರು ಅದರಲ್ಲಿ ಯಾವುದಾದರೂ ಹತ್ತು ಪಾವತಿ ಆರಿಸಿ, ಅವುಗಳ ಮೂಲ ಬಿಲ್ ತರಿಸಿ ನೋಡಲಿ. ಯಾವ ಹತ್ತು ಅಂತ ಮೊದಲೇ ಯಾರಿಗೂ ಗೊತ್ತಿರಬಾರದು.

ಇನ್ನೊಂದು, ಕಡ್ಡಾಯ ರಜೆ. ಹಣ ಮುಟ್ಟುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಸತತ ಎರಡು ವಾರ ರಜೆ ಹೋಗಬೇಕು, ಆ ಎರಡು ವಾರ ಅವರ ಕೆಲಸ ಬೇರೆಯವರು ಮಾಡಬೇಕು, ಅವರ ಲಾಗಿನ್ ಮುಚ್ಚಿರಬೇಕು. ಇಲ್ಲಿ ಜನ ಮಾಡುವ ತಪ್ಪು ಏನೆಂದರೆ ರಜೆ ಕೊಡುತ್ತಾರೆ, ಆದರೆ ಕೆಲಸವನ್ನು ‘ಅವರು ಬಂದ ಮೇಲೆ ನೋಡೋಣ’ ಅಂತ ಹಾಗೇ ಇಡುತ್ತಾರೆ. ಆಗ ರಜೆಯಿಂದ ಏನೂ ಬಯಲಾಗುವುದಿಲ್ಲ. ಸುಮ್ನೆ ಎರಡು ವಾರದ ಕಡತ ರಾಶಿ ಬೀಳುತ್ತದೆ ಅಷ್ಟೇ.

ಕೌಂಟರಿನ ವಿಷಯ: ತೆರಿಗೆ, ನೀರಿನ ಶುಲ್ಕ, ಪರವಾನಗಿ ಶುಲ್ಕ ನಗದಾಗಿ ಬರುವ ಕಡೆ ಮೋಸ ಸಣ್ಣದಾಗಿ, ದಿನಾ ನಡೆಯುತ್ತದೆ. ರಸೀದಿ ಪುಸ್ತಕಗಳಿಗೆ ಸರಣಿ ಸಂಖ್ಯೆ ಇರಲಿ. ರದ್ದಾದ ರಸೀದಿಯ ಮೂರೂ ಪ್ರತಿ ಪುಸ್ತಕದಲ್ಲೇ ಇರಬೇಕು. ಗ್ರಾಹಕರ ಪ್ರತಿ ಇಲ್ಲದೆ ‘ರದ್ದು’ ಅಂತ ಬರೆದಿದ್ದರೆ ಆ ಹಣ ಜೇಬಿಗೆ ಹೋಗಿರುವ ಸಾಧ್ಯತೆ ಇದೆ. ಇನ್ನೊಂದು ಹಳೇ ಚಾಳಿ: ಇವತ್ತಿನ ಮನೆ ಮಾಲೀಕರ ಹಣ ಜೇಬಿಗೆ ಹಾಕಿಕೊಂಡು, ನಾಳೆ ಬಂದ ಇನ್ನೊಬ್ಬರ ಹಣವನ್ನು ಇವರ ಖಾತೆಗೆ ಜಮಾ ಮಾಡುವುದು, ಅವರದ್ದನ್ನು ನಾಡಿದ್ದು ಬಂದವರ ಹಣದಿಂದ ತುಂಬುವುದು. ರಸೀದಿ ದಿನಾಂಕಕ್ಕೂ ಬ್ಯಾಂಕಿಗೆ ಜಮಾ ಆದ ದಿನಾಂಕಕ್ಕೂ ಅಂತರ ಬೆಳೆಯುತ್ತಾ ಹೋಗುತ್ತಿದ್ದರೆ ಇದೇ ನಡೆಯುತ್ತಿದೆಯಾ ನೋಡಿ.

## ಹಂತ 3: ಎರಡು ಪಟ್ಟಿ ತೊಳೆಯಿರಿ

ಪೂರೈಕೆದಾರರ ಪಟ್ಟಿ, ಸಂಬಳದ ಪಟ್ಟಿ. ಈ ಎರಡರಲ್ಲಿ ಕಸ ಇದ್ದರೆ ಮುಂದಿನ ಯಾವ ಪರೀಕ್ಷೆಯೂ ನಿಲ್ಲುವುದಿಲ್ಲ.

ಎರಡೂ ಪಟ್ಟಿಯ ಬ್ಯಾಂಕ್ ಖಾತೆ ಸಂಖ್ಯೆಯನ್ನು ಒಂದೇ ಹಾಳೆಗೆ ತಂದು ಹೋಲಿಸಿ. ನೌಕರರ ಖಾತೆಯೂ ಪೂರೈಕೆದಾರರ ಖಾತೆಯೂ ಒಂದೇ ಆಗಿದ್ದರೆ ತಕ್ಷಣ ಹಂತ 8ಕ್ಕೆ ಹೋಗಿ. ಫೋನ್ ನಂಬರ್, ವಿಳಾಸವನ್ನೂ ಹೀಗೇ ಹೋಲಿಸಿ. ಒಂದೇ ಖಾತೆಗೆ ಇಬ್ಬರು ನೌಕರರ ಸಂಬಳ ಹೋಗುತ್ತಿದ್ದರೆ ಗಂಡ ಹೆಂಡತಿ ಇಬ್ಬರೂ ಅಲ್ಲೇ ಕೆಲಸ ಮಾಡುತ್ತಿರಬಹುದು, ಅಥವಾ ಒಬ್ಬರು ಕಾಗದದ ಮೇಲೆ ಮಾತ್ರ ಇರಬಹುದು. ಕೇಳಿ ತಿಳಿದುಕೊಳ್ಳಿ.

ಇಲ್ಲದ ನೌಕರರನ್ನು ಹುಡುಕಲು ನೇರ ದಾರಿ ಇದೆ. ವರ್ಷಕ್ಕೊಮ್ಮೆ ಸಂಬಳದ ಪಟ್ಟಿ ಹಿಡಿದುಕೊಂಡು ಕೆಲಸದ ಜಾಗಕ್ಕೇ ಹೋಗಿ ಎಣಿಸಿ. ದಿನಗೂಲಿ, ಗುತ್ತಿಗೆ ನೌಕರರು ಜಾಸ್ತಿ ಇರುವ ವಿಭಾಗದಿಂದ ಶುರು ಮಾಡಿ. ಎಣಿಸುವವರು ಸಂಬಳದ ವಿಭಾಗದವರಾಗಿರಬಾರದು, ಆ ವಿಭಾಗದ ಮೇಲ್ವಿಚಾರಕರೂ ಆಗಿರಬಾರದು. ರಜೆಯನ್ನೇ ಹಾಕದ, ಯಾವ ಕಡಿತವೂ ಇಲ್ಲದ, ಭವಿಷ್ಯ ನಿಧಿಯ ವಿವರವೂ ಸರಿಯಾಗಿಲ್ಲದ ಹೆಸರುಗಳನ್ನು ಮೊದಲೇ ಗುರುತು ಮಾಡಿಕೊಂಡು ಹೋಗಿ.

ಈಗೀಗ ಜಾಸ್ತಿ ಆಗಿರುವ ಇನ್ನೊಂದು ಮೋಸ ಇದೆ. ನಿಮ್ಮ ಅಸಲಿ ಗುತ್ತಿಗೆದಾರರ ಹೆಸರಲ್ಲಿ ಒಂದು ಇಮೇಲ್ ಬರುತ್ತದೆ: ‘ನಮ್ಮ ಬ್ಯಾಂಕ್ ಬದಲಾಗಿದೆ, ಮುಂದಿನ ಬಿಲ್ ಈ ಖಾತೆಗೆ ಹಾಕಿ’. ಲೋಗೋ ಸರಿ, ಸಹಿ ಸರಿ, ಬಿಲ್ ನಂಬರೂ ಸರಿ. ಇಮೇಲ್ ವಿಳಾಸದಲ್ಲಿ ಮಾತ್ರ ಒಂದು ಅಕ್ಷರ ಆಚೀಚೆ. ಹಣ ಹೋದ ಮೇಲೆ ವಾಪಸ್ ಬರುವುದು ಬಹಳ ಕಷ್ಟ. ನಿಯಮ ಇಷ್ಟೇ: ಖಾತೆ ಬದಲಾವಣೆ ಕೇಳಿ ಬಂದ ಕಾಗದದಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ಹಳೇ ಒಪ್ಪಂದದಲ್ಲಿರುವ ನಂಬರಿಗೆ ಮಾಡಿ. ಮಾತಾಡಿದವರ ಹೆಸರು, ಸಮಯ ಕಡತದಲ್ಲಿ ಬರೆಯಿರಿ. ಎರಡನೆಯವರೊಬ್ಬರು ಸಹಿ ಹಾಕಿದ ಮೇಲೆ ಬದಲಿಸಿ. ‘ಅರ್ಜೆಂಟ್’ ಅನ್ನುವ ಪದ ಎಷ್ಟು ಸಲ ಬಂದಿದೆಯೋ ಅಷ್ಟು ನಿಧಾನ ಮಾಡಿ.

## ಹಂತ 4: ಟೆಂಡರ್ ಮತ್ತು ಖರೀದಿ

ದೊಡ್ಡ ಹಣ ಹೋಗುವುದು ಇಲ್ಲೇ. ಆದ್ದರಿಂದ ಇಲ್ಲಿ ನಿಧಾನವಾಗಿ ಕೂರಿ.

ಕಾಮಗಾರಿ ತುಂಡು ಮಾಡುವುದು. ಒಂದು ಮಿತಿಗಿಂತ ಮೇಲಿನ ಕೆಲಸಕ್ಕೆ ಬಹಿರಂಗ ಟೆಂಡರ್ ಕಡ್ಡಾಯ ಇರುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಒಂದು ರಸ್ತೆಯನ್ನು ನಾಲ್ಕು ತುಂಡು ಮಾಡಿ, ನಾಲ್ಕನ್ನೂ ಮಿತಿಯ ಕೆಳಗೆ ಇಟ್ಟು, ಒಬ್ಬರಿಗೇ ಕೊಡುತ್ತಾರೆ. ಹಿಡಿಯುವುದು ಸುಲಭ. ಮಿತಿಗಿಂತ ಸ್ವಲ್ಪವೇ ಕೆಳಗಿರುವ, ಅಂದರೆ ಶೇಕಡ 90ರಿಂದ 100ರ ನಡುವಿನ ಎಲ್ಲ ಮಂಜೂರಾತಿಗಳನ್ನು ಬೇರೆ ತೆಗೆಯಿರಿ. ಪೂರೈಕೆದಾರರ ಪ್ರಕಾರ, ಆಮೇಲೆ ದಿನಾಂಕದ ಪ್ರಕಾರ ಜೋಡಿಸಿ. ಒಬ್ಬರಿಗೆ ಒಂದೇ ವಾರದಲ್ಲಿ ಮೂರು ನಾಲ್ಕು ಬಂದಿದ್ದರೆ ಕಣ್ಣಿಗೆ ಹೊಡೆದು ಕಾಣುತ್ತದೆ.

ಒಬ್ಬರಿಗೇ ಹೊಂದುವ ಷರತ್ತು. ಬೀದಿ ದೀಪ ಬೇಕು ಅಂದರೆ ಎಷ್ಟು ಬೆಳಕು, ಎಷ್ಟು ವಿದ್ಯುತ್, ಎಷ್ಟು ವರ್ಷ ಬಾಳಿಕೆ ಅಂತ ಬರೆಯಬೇಕು. ಅದರ ಬದಲು ಒಂದು ಕಂಪನಿಯ ಕ್ಯಾಟಲಾಗಿನಲ್ಲಿರುವ ಉದ್ದ, ತೂಕ, ಬಣ್ಣವನ್ನು ಇದ್ದ ಹಾಗೇ ಇಳಿಸಿದ್ದರೆ ಟೆಂಡರ್ ಕರೆಯುವ ಮುಂಚೆಯೇ ಗೆದ್ದವರು ಯಾರು ಅಂತ ನಿರ್ಧಾರ ಆಗಿದೆ ಅಂತ ಅರ್ಥ. ಷರತ್ತು ಬರೆದವರು ಯಾರು ಅಂತ ಕಡತದಲ್ಲಿ ಹೆಸರು ಇರಲಿ. ಟೆಂಡರ್‌ಗೆ ಅವಧಿ ತೀರಾ ಕಡಿಮೆ ಕೊಡುವುದು, ಸಾಲು ಸಾಲು ರಜೆ ಶುರುವಾಗುವ ಹಿಂದಿನ ದಿನ ಪ್ರಕಟಿಸುವುದು ಕೂಡ ಇದೇ ಜಾತಿಯವು.

ಬಿಡ್ಡುದಾರರು ಒಳಗೊಳಗೇ ಸೇರಿಕೊಳ್ಳುವುದು. ಬಂದಿರುವ ಬಿಡ್‌ಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಹರಡಿ. ಮೊತ್ತ ಆಮೇಲೆ, ಮೊದಲು ಕಾಗದ ನೋಡಿ. ಮೂರು ಬಿಡ್‌ಗಳಲ್ಲಿ ಒಂದೇ ಪದ ಒಂದೇ ಥರ ತಪ್ಪಾಗಿದೆಯಾ? ಕೂಡುವ ತಪ್ಪು ಒಂದೇ ಸಾಲಿನಲ್ಲಿ ಬಿದ್ದಿದೆಯಾ? ಪಿಡಿಎಫ್ ಕಡತದ ವಿವರಗಳಲ್ಲಿ ತಯಾರಿಸಿದವರ ಹೆಸರು ಒಂದೇ ಇದೆಯಾ? ಠೇವಣಿ ಡಿಡಿಗಳು ಒಂದೇ ಬ್ಯಾಂಕ್ ಶಾಖೆಯಿಂದ, ಒಂದರ ಹಿಂದೆ ಒಂದು ಸಂಖ್ಯೆಯಲ್ಲಿ ಬಂದಿವೆಯಾ? ಈಗ ಮೊತ್ತಕ್ಕೆ ಬನ್ನಿ. ಎರಡನೆಯವರ ಪ್ರತಿಯೊಂದು ದರವೂ ಮೊದಲನೆಯವರ ದರಕ್ಕಿಂತ ಸರಿಯಾಗಿ ಶೇಕಡ 5 ಜಾಸ್ತಿ, ಮೂರನೆಯವರದ್ದು ಶೇಕಡ 8 ಜಾಸ್ತಿ ಇದ್ದರೆ ಅವು ಮೂರು ಬಿಡ್ ಅಲ್ಲ. ಒಬ್ಬರೇ ಕೂತು ಬರೆದ ಮೂರು ಪ್ರತಿ. ನಿಜವಾದ ಸ್ಪರ್ಧೆಯಲ್ಲಿ ಒಬ್ಬರಿಗೆ ಮಣ್ಣು ಅಗೆಯುವುದು ಅಗ್ಗ, ಇನ್ನೊಬ್ಬರಿಗೆ ಸಿಮೆಂಟ್ ಅಗ್ಗ. ಸಾಲು ಸಾಲಿಗೂ ಏರುಪೇರು ಇದ್ದೇ ಇರುತ್ತದೆ.

ಒಂದು ಟೆಂಡರ್ ನೋಡಿ ಹೇಳಲಾಗದ್ದು ಐದು ವರ್ಷದ ಪಟ್ಟಿಯಲ್ಲಿ ಸಿಗುತ್ತದೆ. ಅದೇ ನಾಲ್ಕು ಹೆಸರು, ಸರದಿ ಪ್ರಕಾರ ಗೆಲುವು, ಸೋತವರು ಗೆದ್ದವರ ಹತ್ತಿರ ಉಪಗುತ್ತಿಗೆ.

ಗೆದ್ದ ಮೇಲೆ ಬೆಳೆಯುವ ಮೊತ್ತ. ಕಡಿಮೆಗೆ ಟೆಂಡರ್ ಹಿಡಿದು ಆಮೇಲೆ ಹೆಚ್ಚುವರಿ ಕೆಲಸದ ಹೆಸರಲ್ಲಿ ಏರಿಸುವುದನ್ನು ಹೆಚ್ಚಿನ ಕಡೆ ಯಾರೂ ನೋಡುವುದೇ ಇಲ್ಲ, ಯಾಕೆಂದರೆ ಟೆಂಡರ್ ಮುಗಿಯಿತಲ್ಲ! ನ್ಯೂಯಾರ್ಕ್ ನಗರದ ‘ಸಿಟಿಟೈಮ್’ ಯೋಜನೆ ಇದಕ್ಕೆ ದೊಡ್ಡ ಉದಾಹರಣೆ. ನೌಕರರ ಹಾಜರಿ, ಸಂಬಳದ ಲೆಕ್ಕವನ್ನು ಕಂಪ್ಯೂಟರಿಗೆ ತರುವ ಕೆಲಸ. ಸುಮಾರು 6 ಕೋಟಿ 30 ಲಕ್ಷ ಡಾಲರಿನದ್ದು 60 ಕೋಟಿ ಡಾಲರ್ ದಾಟಿತು. ದಾರಿಯಲ್ಲಿ ಒಪ್ಪಂದವನ್ನೇ ತಿದ್ದಿ, ವೆಚ್ಚ ಏರಿದರೆ ಅದರ ಭಾರ ನಗರದ ಮೇಲೆ ಬೀಳುವ ಹಾಗೆ ಮಾಡಲಾಗಿತ್ತು. ಕೆಲಸದ ಗುಣಮಟ್ಟ ನೋಡಬೇಕಿದ್ದ ಸಲಹೆಗಾರರೇ ಲಂಚ ತಿಂದಿದ್ದು ನ್ಯಾಯಾಲಯದಲ್ಲಿ ಸಾಬೀತಾಯಿತು. 2012ರಲ್ಲಿ ಮುಖ್ಯ ಗುತ್ತಿಗೆದಾರ ಕಂಪನಿ ಸುಮಾರು 50 ಕೋಟಿ ಡಾಲರ್ ಕಟ್ಟಿ ಇತ್ಯರ್ಥ ಮಾಡಿಕೊಂಡಿತು.

ಇದರಿಂದ ಎರಡು ನಿಯಮ ತೆಗೆದುಕೊಳ್ಳಿ. ಒಪ್ಪಂದದ ಮೊತ್ತ ಒಟ್ಟಾರೆ ಶೇಕಡ 10ಕ್ಕಿಂತ ಏರಿದರೆ ಅದು ಮತ್ತೆ ಸಭೆಯ ಮುಂದೆ ಬರಬೇಕು. ಏರಿಕೆಯನ್ನು ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕುವಂತಿಲ್ಲ, ಮೂಲ ಮೊತ್ತದಿಂದ ಕೂಡಿಸುತ್ತಾ ಬರಬೇಕು. ಎರಡನೆಯದು, ಕೆಲಸ ಪರಿಶೀಲಿಸುವವರನ್ನು ಆರಿಸುವುದು, ಅವರಿಗೆ ಹಣ ಕೊಡುವುದು ಗುತ್ತಿಗೆದಾರರ ಕೈಲೂ ಇರಬಾರದು, ಆ ಯೋಜನೆ ನಡೆಸುವ ಅಧಿಕಾರಿಯ ಕೈಲೂ ಇರಬಾರದು.

ಅಳತೆ. ರಸ್ತೆಗೆ ಎಷ್ಟು ದಪ್ಪ ಡಾಂಬರು ಹಾಕಿದ್ದಾರೆ ಅನ್ನುವುದು ಹಾಕಿ ಮುಗಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಕೊರೆದು ತೆಗೆದ ಮಾದರಿ ಅಳೆಯಲೇಬೇಕು. ಮಾದರಿ ತೆಗೆಯುವ ಜಾಗವನ್ನು ಗುತ್ತಿಗೆದಾರರು ತೋರಿಸುವ ಹಾಗಿಲ್ಲ. ಮುಚ್ಚಿಹೋಗುವ ಕೆಲಸಗಳಾದ ಪೈಪ್, ಅಡಿಪಾಯ, ಕಬ್ಬಿಣಕ್ಕೆ ಮುಚ್ಚುವ ಮುಂಚಿನ ಫೋಟೋ ಬೇಕು, ಜಾಗ ಮತ್ತು ದಿನಾಂಕದ ಗುರುತಿನ ಜೊತೆ. ಹಳೇ ಕೆಲಸದ ಫೋಟೋವನ್ನೇ ಹೊಸ ಬಿಲ್‌ಗೆ ಲಗತ್ತಿಸುವುದು ಮಾಮೂಲು. ಆದ್ದರಿಂದ ಫೋಟೋ ನೋಡುವವರು ಹಿಂದಿನ ಬಿಲ್‌ಗಳನ್ನೂ ಪಕ್ಕದಲ್ಲಿ ಇಟ್ಟುಕೊಂಡಿರಲಿ.

## ಹಂತ 5: ಈಗ ನೀತಿ ಸಂಹಿತೆ, ಜೊತೆಗೆ ಹಿತಾಸಕ್ತಿ ಘೋಷಣೆ

ಸಂಹಿತೆ ಎರಡು ಮೂರು ಪುಟ ಇದ್ದರೆ ಸಾಕು. ‘ಪ್ರಾಮಾಣಿಕತೆಯಿಂದ ನಡೆದುಕೊಳ್ಳತಕ್ಕದ್ದು’ ಅನ್ನುವ ವಾಕ್ಯದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನಿಜವಾಗಿ ಎದುರಾಗುವ ಸಂದರ್ಭಗಳನ್ನು ಬರೆಯಿರಿ. ಗುತ್ತಿಗೆದಾರರು ಮಗಳ ಮದುವೆಗೆ ಉಡುಗೊರೆ ತಂದರೆ ಏನು ಮಾಡಬೇಕು? ತಮ್ಮನ ಕಂಪನಿ ಟೆಂಡರ್ ಹಾಕಿದರೆ? ನಿವೃತ್ತಿಯಾದ ಎಂಜಿನಿಯರ್ ಮರುದಿನವೇ ಗುತ್ತಿಗೆದಾರರ ಹತ್ತಿರ ಕೆಲಸಕ್ಕೆ ಸೇರಿದರೆ? ಪ್ರತಿಯೊಂದಕ್ಕೂ ‘ಮಾಡಬಹುದು, ಮಾಡಬಾರದು, ಯಾರನ್ನು ಕೇಳಬೇಕು’ ಅಂತ ಉತ್ತರ ಇರಲಿ.

ಹಿತಾಸಕ್ತಿ ಘೋಷಣೆ, ಅಂದರೆ ತನಗೋ ತನ್ನವರಿಗೋ ಯಾವ ಕಂಪನಿಯ ಜೊತೆ ಸಂಬಂಧ ಇದೆ ಅಂತ ಬರೆದುಕೊಡುವ ಹಾಳೆಯನ್ನು, ವರ್ಷಕ್ಕೊಮ್ಮೆ ತುಂಬಿಸಿಕೊಂಡು ಬೀರುವಿಗೆ ಹಾಕಿದರೆ ಪ್ರಯೋಜನ ಇಲ್ಲ. ಅದನ್ನು ಪೂರೈಕೆದಾರರ ಪಟ್ಟಿಯ ಜೊತೆ ಹೋಲಿಸುವ ಕೆಲಸ ಒಬ್ಬರಿಗೆ ಹೆಸರಿಟ್ಟು ಒಪ್ಪಿಸಿ. ಜೊತೆಗೆ ಪ್ರತಿಯೊಂದು ಟೆಂಡರ್ ಸಮಿತಿಯವರೂ ಆ ಟೆಂಡರಿನ ಬಿಡ್ಡುದಾರರ ಹೆಸರು ನೋಡಿದ ಮೇಲೆ ಮತ್ತೊಮ್ಮೆ ಘೋಷಣೆ ಕೊಡಲಿ. ಸಂಬಂಧ ಇದೆ ಅಂತ ಹೇಳಿದವರು ಮತ ಹಾಕದಿದ್ದರೆ ಸಾಲದು, ಚರ್ಚೆಯ ಹೊತ್ತಿಗೆ ಕೊಠಡಿಯಿಂದ ಹೊರಗೆ ಹೋಗಬೇಕು, ಹೋದ ಸಮಯ ನಡಾವಳಿಯಲ್ಲಿ ಬರಬೇಕು. ಸಂಬಂಧ ಇರುವುದು ತಪ್ಪಲ್ಲ, ಊರಲ್ಲಿ ಬಾಳುವವರಿಗೆ ಇದ್ದೇ ಇರುತ್ತದೆ ಅಲ್ವಾ. ಮುಚ್ಚಿಟ್ಟರೆ ತಪ್ಪು. ಇದನ್ನು ಮೊದಲೇ ಜೋರಾಗಿ ಹೇಳಿದರೆ ಜನ ಹೆದರದೆ ಘೋಷಿಸುತ್ತಾರೆ.

ಮೇಲಿನವರ ಸಂಬಳ, ಭತ್ಯೆಯೂ ಎಲ್ಲರಿಗೂ ಕಾಣುವ ಹಾಗೆ ಇರಬೇಕು. ಕ್ಯಾಲಿಫೋರ್ನಿಯಾದ ಬೆಲ್ ಅನ್ನುವ ಸಣ್ಣ ನಗರದಲ್ಲಿ ನಗರ ವ್ಯವಸ್ಥಾಪಕ ರಾಬರ್ಟ್ ರಿಜ್ಜೊ ವರ್ಷಕ್ಕೆ 8 ಲಕ್ಷ ಡಾಲರಿನ ಹತ್ತಿರ ಸಂಬಳ ತೆಗೆದುಕೊಳ್ಳುತ್ತಿದ್ದರು. ಅರೆಕಾಲಿಕ ಕೆಲಸದ ಸದಸ್ಯರೂ ಕೆಲವೇ ನಿಮಿಷ ಸೇರುತ್ತಿದ್ದ ಮಂಡಳಿಗಳ ಹೆಸರಲ್ಲಿ ದೊಡ್ಡ ಭತ್ಯೆ ಎತ್ತುತ್ತಿದ್ದರು. 2010ರಲ್ಲಿ ಪತ್ರಕರ್ತರು ಬರೆದ ಮೇಲೆ ಇದು ಜನರಿಗೆ ಗೊತ್ತಾಯಿತು. 2014ರಲ್ಲಿ ರಿಜ್ಜೊಗೆ 12 ವರ್ಷ ಜೈಲಾಯಿತು. ಸಂಬಳದ ಪಟ್ಟಿ ಮೊದಲಿನಿಂದಲೇ ಬಹಿರಂಗವಾಗಿದ್ದರೆ ಇದು ಇಷ್ಟು ದೂರ ಹೋಗುತ್ತಿರಲಿಲ್ಲ.

## ಹಂತ 6: ಹೇಳಲು ಬಂದವರನ್ನು ಕಾಪಾಡುವ ದಾರಿ

ಮೋಸ ಪತ್ತೆ ಮಾಡುವವರ ಅಂತರರಾಷ್ಟ್ರೀಯ ಸಂಘ ಎಸಿಎಫ್‌ಇ ಎರಡು ವರ್ಷಕ್ಕೊಮ್ಮೆ ವರದಿ ತರುತ್ತದೆ. ಅದರಲ್ಲಿ ಮತ್ತೆ ಮತ್ತೆ ಕಾಣುವ ಮಾತು: ಬಯಲಾದ ಪ್ರಕರಣಗಳಲ್ಲಿ ಶೇಕಡ 40ಕ್ಕಿಂತ ಜಾಸ್ತಿ ಗೊತ್ತಾಗಿದ್ದು ಯಾರೋ ಒಬ್ಬರು ಬಂದು ಹೇಳಿದ್ದರಿಂದ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದೇ ಸಂಸ್ಥೆಯ ನೌಕರರು. ಹೊರಗಿನ ಆಡಿಟ್‌ನಿಂದ ಸಿಕ್ಕಿದ್ದು ಇದರ ಪಕ್ಕದಲ್ಲಿ ತೀರಾ ಕಡಿಮೆ.

ಹಾಗಾದರೆ ದೂರಿನ ನಂಬರ್ ಇಟ್ಟ ಕಡೆಯೂ ಯಾಕೆ ಫೋನ್ ಬರುವುದಿಲ್ಲ? ಆ ಫೋನ್ ಎತ್ತುವವರು ಯಾರು ನೋಡಿ. ಆಡಳಿತ ವಿಭಾಗದ ಅಧಿಕಾರಿಯೇ ಎತ್ತುತ್ತಾರೆ ಅಂತ ಗೊತ್ತಿದ್ದರೆ ಯಾವ ಗುಮಾಸ್ತರು ಧೈರ್ಯ ಮಾಡುತ್ತಾರೆ? ದೂರು ಹೋಗುವ ಕಡೆ ಎರಡು ಇರಲಿ. ಒಂದು ಒಳಗೆ, ಆಡಿಟ್ ಸಮಿತಿಗೆ. ಇನ್ನೊಂದು ಹೊರಗೆ, ನಗರಾಡಳಿತದ ಹಿಡಿತದಲ್ಲಿಲ್ಲದ ತನಿಖಾ ಸಂಸ್ಥೆಗೆ. ಹೆಸರು ಹೇಳದೆಯೂ ದೂರು ಕೊಡಲು ಬಿಡಿ. ಹೆಸರಿಲ್ಲದ ದೂರಿಗೆ ಒಂದು ಸಂಖ್ಯೆ ಕೊಟ್ಟು, ಅದರ ಮೂಲಕ ವಾಪಸ್ ಪ್ರಶ್ನೆ ಕೇಳುವ ಅವಕಾಶ ಇಟ್ಟುಕೊಳ್ಳಿ. ಇದೊಂದು ಸೌಲಭ್ಯ ಇಲ್ಲದೆ ಎಷ್ಟೋ ಒಳ್ಳೆಯ ದೂರುಗಳು ‘ಮಾಹಿತಿ ಸಾಲದು’ ಅಂತ ಮುಚ್ಚಿಹೋಗುತ್ತವೆ.

ದೂರು ಕೊಟ್ಟವರನ್ನು ಕಾಪಾಡುವುದು ಅಂದರೆ ಬರೀ ಕೆಲಸದಿಂದ ತೆಗೆಯದೇ ಇರುವುದಲ್ಲ. ವರ್ಗಾವಣೆ, ಬಡ್ತಿ ತಪ್ಪುವುದು, ರಜೆ ತಿರಸ್ಕಾರ, ಊಟಕ್ಕೆ ಯಾರೂ ಜೊತೆ ಕೂರದಿರುವುದು, ಹಳೇ ಕಡತ ಕೆದಕಿ ನೋಟಿಸ್ ಕೊಡುವುದು, ಸೇಡು ಹೀಗೆಲ್ಲ ಬರುತ್ತದೆ. ದೂರಿನ ನಂತರ ಒಂದು ವರ್ಷ ಅವರ ವಿಷಯದಲ್ಲಿ ಯಾವ ಆದೇಶ ಹೊರಡುವುದಿದ್ದರೂ ಆಡಿಟ್ ಸಮಿತಿ ಮೊದಲು ನೋಡಬೇಕು ಅಂತ ನಿಯಮ ಮಾಡಿ. ವಿಶ್ವಸಂಸ್ಥೆಯ 2003ರ ಭ್ರಷ್ಟಾಚಾರ ವಿರೋಧಿ ಒಪ್ಪಂದದ 33ನೇ ವಿಧಿ ಒಳ್ಳೆಯ ನಂಬಿಕೆಯಿಂದ ಮಾಹಿತಿ ಕೊಟ್ಟವರ ರಕ್ಷಣೆಯ ಬಗ್ಗೆಯೇ ಇದೆ. ಸಭೆಯಲ್ಲಿ ವಾದ ಎದ್ದರೆ ಅದನ್ನು ಮುಂದಿಡಿ.

## ಹಂತ 7: ತಿಂಗಳಿಗೊಮ್ಮೆ ಅಂಕಿ ತಾಳೆ

ಅರ್ಧ ದಿನದ ಕೆಲಸ. ಪಾವತಿಗಳ ಹಾಳೆಯ ಮೇಲೆ ಇಷ್ಟು ನೋಡಿ: ಒಂದೇ ಬಿಲ್ ಸಂಖ್ಯೆಗೆ ಅಥವಾ ಒಂದೇ ಮೊತ್ತಕ್ಕೆ ಎರಡು ಸಲ ಹಣ ಹೋಗಿದೆಯಾ? ಒಂದೇ ಪೂರೈಕೆದಾರರಿಂದ 101, 102, 103 ಅಂತ ಬಿಡದೆ ಬಿಲ್ ಬಂದಿದೆಯಾ? (ಹಾಗಿದ್ದರೆ ಅವರಿಗೆ ನಿಮ್ಮನ್ನು ಬಿಟ್ಟು ಬೇರೆ ಗಿರಾಕಿಯೇ ಇಲ್ಲದಿರಬಹುದು.) ಭಾನುವಾರ, ಮಧ್ಯರಾತ್ರಿ ದಾಖಲಾದ ಮಂಜೂರಾತಿ ಇದೆಯಾ? ಪಟ್ಟಿಗೆ ಹೆಸರು ಸೇರಿ ವಾರದೊಳಗೆ ದೊಡ್ಡ ಪಾವತಿ ಪಡೆದವರು ಯಾರು? ಆರ್ಥಿಕ ವರ್ಷದ ಕೊನೆಯ ಹತ್ತು ದಿನದಲ್ಲಿ ಎಷ್ಟು ಹೋಯಿತು?

ಬೆನ್‌ಫರ್ಡ್ ನಿಯಮದ ಬಗ್ಗೆ ಕೇಳಿರುತ್ತೀರಿ. ಸಹಜವಾಗಿ ಬಂದ ಮೊತ್ತಗಳಲ್ಲಿ ಮೊದಲ ಅಂಕಿ 1 ಆಗಿರುವುದು ಸುಮಾರು ಶೇಕಡ 30, 9 ಆಗಿರುವುದು ಶೇಕಡ 5ಕ್ಕಿಂತ ಕಡಿಮೆ ಅಂತ ಅದು ಹೇಳುತ್ತದೆ. ಸಾವಿರಾರು ಪಾವತಿ ಇದ್ದರೆ ಎಲ್ಲಿ ನೋಡಬೇಕು ಅಂತ ತೋರಿಸುತ್ತದೆ. ಆದರೆ ನಿಗದಿತ ಶುಲ್ಕ, ಒಂದೇ ಥರದ ಸಂಬಳ ಇರುವ ಕಡೆ ಸುಳ್ಳು ಗಾಬರಿ ಹುಟ್ಟಿಸುತ್ತದೆ. ಇದೊಂದನ್ನೇ ಇಟ್ಟುಕೊಂಡು ಯಾರ ಮೇಲೂ ಬೆರಳು ತೋರಿಸಬೇಡಿ. ನನ್ನ ಮಟ್ಟಿಗೆ ಮಿತಿಯ ಕೆಳಗಿನ ಗುಂಪು ಹುಡುಕುವ ಹಂತ 4ರ ಪರೀಕ್ಷೆಯೇ ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

## ಹಂತ 8: ಅನುಮಾನ ಗಟ್ಟಿಯಾದ ಮೊದಲ ದಿನ

ಇಡೀ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಸಿಟ್ಟಿನಲ್ಲಿ ಆ ನೌಕರರನ್ನು ಕರೆದು ‘ಇದೇನಿದು?’ ಅಂತ ಕೇಳಿಬಿಡುತ್ತಾರೆ. ಸಂಜೆಯೊಳಗೆ ಕಡತ ಕಾಣೆ, ಫೋನ್ ರೀಸೆಟ್.

ಕ್ರಮ ಹೀಗಿರಲಿ. ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್, ಲಾಗಿನ್ ದಾಖಲೆ, ಇಮೇಲ್ ಬ್ಯಾಕಪ್, ಸಿಸಿಟಿವಿ ದೃಶ್ಯದ ಪ್ರತಿ ತೆಗೆದಿಡಿ. ಸಿಸಿಟಿವಿ ದೃಶ್ಯ ಕೆಲವು ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ, ಆದ್ದರಿಂದ ಅದನ್ನೇ ಮೊದಲು ತೆಗೆಯಿರಿ. ಮೂಲ ಕಾಗದದ ಮೇಲೆ ಗೆರೆ ಎಳೆಯಬೇಡಿ, ಟಿಪ್ಪಣಿ ಬರೆಯಬೇಡಿ. ಯಾರು, ಯಾವಾಗ, ಎಲ್ಲಿಂದ ತೆಗೆದರು ಅಂತ ಒಂದು ದಾಖಲೆ ಇಡಿ. ಅನುಮಾನ ಇರುವ ಕಂಪ್ಯೂಟರನ್ನು ನೀವೇ ತೆರೆದು ಹುಡುಕಬೇಡಿ, ತೆರೆದ ಕ್ಷಣದಲ್ಲೇ ಅದರಲ್ಲಿರುವ ಕಡತಗಳ ದಿನಾಂಕಗಳು ಬದಲಾಗಬಹುದು. ವಿಷಯ ಗೊತ್ತಿರುವವರು ಮೂರು ನಾಲ್ಕು ಜನಕ್ಕಿಂತ ಜಾಸ್ತಿ ಬೇಡ. ಆಮೇಲೆ ಕಾನೂನು ಸಲಹೆಗಾರರು, ತನಿಖಾ ಸಂಸ್ಥೆ. ಡಿಕ್ಸನ್‌ನಲ್ಲಿ ಮೇಯರ್ ಸುದ್ದಿಯನ್ನು ಹೊರಗೆ ಬಿಡದೆ ನೇರವಾಗಿ ಎಫ್‌ಬಿಐ ಹತ್ತಿರ ಹೋದರು. ತಿಂಗಳುಗಟ್ಟಲೆ ಏನೂ ಗೊತ್ತಿಲ್ಲದವರ ಹಾಗೆ ಕಚೇರಿ ನಡೆಯಿತು, ಅಷ್ಟರಲ್ಲಿ ಸಾಕ್ಷ್ಯ ಒಟ್ಟಾಯಿತು.

ಅನುಮಾನ ಬಿದ್ದವರ ಬಗ್ಗೆಯೂ ಯೋಚಿಸಿ. ಎಷ್ಟೋ ಸಲ ಅದು ತಪ್ಪು ನಮೂದು, ಅಥವಾ ಮೇಲಿನವರ ಬಾಯಿ ಮಾತಿನ ಆದೇಶ. ತನಿಖೆ ಮುಗಿಯುವ ಮುಂಚೆ ಹೆಸರು ಹೊರಗೆ ಬಂದರೆ ಆ ಮನುಷ್ಯರ ಬದುಕು ಹಾಳು, ಮುಂದೆ ಯಾರೂ ನಿಮ್ಮ ವ್ಯವಸ್ಥೆಯನ್ನು ನಂಬುವುದಿಲ್ಲ.

ಹಣ ವಾಪಸ್ ಬರುವ ದಾರಿಯನ್ನೂ ಮರೆಯಬೇಡಿ. ಡಿಕ್ಸನ್ ತನ್ನ ಆಡಿಟರ್‌ಗಳು ಮತ್ತು ಬ್ಯಾಂಕಿನ ಮೇಲೆ ದಾವೆ ಹೂಡಿ 2013ರಲ್ಲಿ ಸುಮಾರು 4 ಕೋಟಿ ಡಾಲರ್ ಇತ್ಯರ್ಥ ಪಡೆಯಿತು. ವಿಮೆ, ಠೇವಣಿ, ಗುತ್ತಿಗೆದಾರರ ಬ್ಯಾಂಕ್ ಖಾತ್ರಿ ಎಲ್ಲದಕ್ಕೂ ಕಾಲಮಿತಿ ಇರುತ್ತದೆ. ಮೊದಲ ವಾರದಲ್ಲೇ ವಕೀಲರಿಗೆ ಈ ಪಟ್ಟಿ ಕೊಡಿ.

## ಹಂತ 9: ಕ್ಯಾಲೆಂಡರಿಗೆ ಹಾಕಿ

ಬ್ಯಾಂಕಿಗೆ ಪತ್ರ ವರ್ಷಕ್ಕೆ ಎರಡು ಸಲ. ಯಾರ ಕೈಲಿ ಯಾವ ಕೆಲಸ ಇದೆ ಅನ್ನುವ ಹಂತ 2ರ ಹಾಳೆ ವರ್ಗಾವಣೆ ಆದಾಗಲೆಲ್ಲ ಹೊಸದು. ಬಳಸದ ಲಾಗಿನ್ ಮುಚ್ಚುವುದು, ಅಂಕಿ ತಾಳೆ ತಿಂಗಳಿಗೊಮ್ಮೆ. ನೌಕರರ ಎಣಿಕೆ ವರ್ಷಕ್ಕೊಮ್ಮೆ, ದಿನಾಂಕ ಗುಟ್ಟಾಗಿರಲಿ. ಹಿಂದಿನ ಆಡಿಟ್ ಆಕ್ಷೇಪಣೆಗಳಿಗೆ ಏನು ಮಾಡಿದಿರಿ ಅನ್ನುವುದು ಪ್ರತಿ ಸಭೆಯ ಮೊದಲ ವಿಷಯವಾಗಿರಲಿ, ಕೊನೆಗೆ ಇಟ್ಟರೆ ಕೋರಂ ಇರುವುದಿಲ್ಲ. ಪ್ರತಿಯೊಂದು ಕೆಲಸದ ಎದುರಿಗೆ ಒಬ್ಬರ ಹೆಸರು, ಅವರು ರಜೆ ಹೋದರೆ ಮಾಡುವ ಇನ್ನೊಬ್ಬರ ಹೆಸರು ಬರೆದು, ಆ ಹಾಳೆಯನ್ನು ಜನ ಓಡಾಡುವ ಕಡೆಯೇ ಅಂಟಿಸಿ.